ಬುಲಿಮಿಯಾ ಬರೀ ಮಾತಿನಿಂದ ವಾಸಿಯಾಗುತ್ತದೆಯೇ?

ಬುಲಿಮಿಯಾ (ಒಮ್ಮೆಲೇ ವಿಪರೀತ ತಿಂದು, ಆಮೇಲೆ ವಾಂತಿ, ಉಪವಾಸದಂಥವುಗಳಿಂದ ಅದನ್ನು ಸರಿದೂಗಿಸಲು ನೋಡುವ ಕಾಯಿಲೆ) ಇರುವವರಿಗೆ ಔಷಧಿಗಿಂತ ಮೊದಲು ಥೆರಪಿ ಯಾಕೆ ಹೇಳುತ್ತಾರೆ, ಸುಮ್ನೆ ಮಾತಾಡಿದರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಇಲ್ಲಿ ಮಾತಿಗಿಂತ ದಿನನಿತ್ಯದ ಅಭ್ಯಾಸವೇ ಜಾಸ್ತಿ.

ವಯಸ್ಕರಿಗೆ ಹೆಚ್ಚಾಗಿ ಕೊಡುವುದು ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸಲು ಕಲಿಸುವ ಥೆರಪಿ. ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಇದನ್ನು ತಿನ್ನುವ ಸಮಸ್ಯೆಗಳಿಗೆ ಹೊಂದುವಂತೆ ರೂಪಿಸಿದರು. ಸಾಮಾನ್ಯವಾಗಿ 20 ಭೇಟಿ, ತೂಕ ತೀರಾ ಕಡಿಮೆಯಿದ್ದರೆ 40ರ ತನಕ. ಮೊದಲಿಗೆ ಏನು ತಿಂದೆ, ಆಗ ಮನಸ್ಸು ಹೇಗಿತ್ತು ಎಂದು ತಿಂದ ಕೂಡಲೇ ಬರೆದಿಡಬೇಕು. ಆಮೇಲೆ ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು. ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬಾರದು. ನನ್ನ ಪ್ರಕಾರ ಇದೇ ಚಿಕಿತ್ಸೆಯ ಜೀವಾಳ. ಉಪವಾಸವಿದ್ದಷ್ಟೂ ಒಮ್ಮೆಲೇ ವಿಪರೀತ ತಿನ್ನುವ ಒತ್ತಡ ಏರುತ್ತದೆ. ತಿಂದ ಮೇಲೆ ನಾಚಿಕೆ, ವಾಂತಿ, ಮತ್ತೆ ಉಪವಾಸ. ಮನಸ್ಸು ಗಟ್ಟಿಯಿಲ್ಲ ಎಂದು ಅವರನ್ನು ದೂರುವುದು ದೊಡ್ಡ ಅನ್ಯಾಯ ಅಲ್ವಾ?

ಜೊತೆಗೆ ಭಾವನೆಗಳು ಹಿಡಿತ ತಪ್ಪುವುದು, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಇದ್ದರೆ, ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್ ರೂಪಿಸಿದ ಡಿಬಿಟಿ (ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಥೆರಪಿ) ನೆರವಾಗಬಹುದು. ಹದಿಹರೆಯದವರಿಗಾದರೆ ಮನೆಯವರನ್ನೂ ಸೇರಿಸಿಕೊಳ್ಳುತ್ತಾರೆ.

ಪದೇ ಪದೇ ವಾಂತಿಯಾಗುತ್ತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಥೆರಪಿ ಶುರುವಾಗಲಿ ಎಂದು ಕಾಯದೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ.