ಆ ಹಳೇ ಚೀಟಿ ಬಟ್ಟೆಯನ್ನು ನೀರಿಗೆ ಹಾಕಬೇಡಿ

ಅಕ್ಕ, ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಚೀಟಿ ಬಟ್ಟೆಯ (ಬಣ್ಣದ ಹೂಬಳ್ಳಿಯ ಹತ್ತಿ ಬಟ್ಟೆ) ಹಾಸಿಗೆ ಹೊದಿಕೆ ನಮ್ಮ ದೇಶದ್ದಾ, ಎಲೆಗಳು ಯಾಕೆ ನೀಲಿ, ಸೋಪು ಹಾಕಿ ಒಗೆಯಬಹುದಾ ಅಂತ ಕೇಳಿದ್ದೀರಿ. ಮೊದಲು ಬಕೆಟ್ ಪಕ್ಕಕ್ಕಿಡಿ, ಆಮೇಲೆ ಮಾತಾಡೋಣ.

18ನೇ ಶತಮಾನದಲ್ಲಿ ಆಂಧ್ರ ಕರಾವಳಿಯ ಮಚಲೀಪಟ್ಟಣದ ಕಡೆಯಿಂದ ಯುರೋಪಿನ ಮನೆಗಳಿಗೆ ಇಂಥ ಹೊದಿಕೆಗಳು ಹೋಗುತ್ತಿದ್ದವು. ಫ್ರಾನ್ಸ್ 1686ರಿಂದ 1759ರವರೆಗೆ ಇವನ್ನು ನಿಷೇಧಿಸಿತ್ತು. ಡಚ್ಚರು ಆ ಗೋಜಿಗೆ ಹೋಗಲಿಲ್ಲ. ಹಾಗಾಗಿ ನಿಮ್ಮೂರಲ್ಲಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಸಿಟ್ಸ್ ಅನ್ನುತ್ತಾರೆ, ನಾವು ಚೀಟಿ ಅನ್ನುತ್ತೇವೆ!

ಆಗ ಹಸಿರಿಗೆ ಬೇರೆ ಬಣ್ಣ ಇರಲಿಲ್ಲ. ಬೇಡದ ಜಾಗಕ್ಕೆಲ್ಲ ಮೇಣ ಬಳಿದು ಬಟ್ಟೆಯನ್ನು ನೀಲಿಯಲ್ಲಿ ಅದ್ದುತ್ತಿದ್ದರು. ಆಮೇಲೆ ಎಲೆಗಳ ಮೇಲೆ ಕೈಯಲ್ಲಿ ಹಳದಿ ಹಚ್ಚುತ್ತಿದ್ದರು. ಬಿಸಿಲಿಗೆ ಹಳದಿ ಹಾರಿಹೋಗಿ ನೀಲಿ ಉಳಿಯುತ್ತದೆ. ಪಟಿಕ, ಚಿರಿವೇರು (ಕೆಂಪು ಬಣ್ಣ ಕೊಡುವ ಬೇರು) ಸೇರಿ ಕೂತ ಕೆಂಪು ಮಾತ್ರ ಜಗ್ಗುವುದಿಲ್ಲ.

ಆದರೆ ನೀಲಿ ಎಲೆ ಒಂದನ್ನೇ ನಂಬಬೇಡಿ, ಯುರೋಪಿನ ಹಳೇ ನಕಲುಗಳಲ್ಲೂ ಹೀಗೇ ಆಗುತ್ತದೆ. ಭೂತಗನ್ನಡಿ ಹಿಡಿದು ಒಂದೇ ಥರದ ಎರಡು ಹೂ ನೋಡಿ. ಕಲಮಿನಲ್ಲಿ ಬರೆದಿದ್ದರೆ ದಳಗಳು ಸ್ವಲ್ಪ ಆಚೀಚೆ ಇರುತ್ತವೆ. ಅಚ್ಚಾದರೆ ಅದೇ ತಪ್ಪು ಅಷ್ಟಷ್ಟೇ ದೂರಕ್ಕೆ ಮತ್ತೆ ಬರುತ್ತದೆ. ಅಚ್ಚನ್ನು ಸರಿಯಾದ ಜಾಗಕ್ಕೆ ಕೂರಿಸಲು ಅದರ ಮೂಲೆಯಲ್ಲಿ ಇಟ್ಟ ಮೊಳೆಯ ಚುಕ್ಕೆಯೂ ಕಂಡರೆ ನಕಲು ಅನ್ನುವ ಅನುಮಾನ ಜಾಸ್ತಿ. ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುದ್ರೆ ಇದ್ದರೆ ಫೋಟೋ ಹಾಕಿ.

ಇನ್ನು ನೀರು ಯಾಕೆ ಬೇಡ? ನೀವು ಹಾಕಿದ ಫೋಟೋದಲ್ಲಿ ಹರಿದಿರುವುದೆಲ್ಲ ಕಪ್ಪು ಗೆರೆಯ ಮೇಲೇ, ಅಲ್ವಾ? ಬೆಲ್ಲದ ನೀರಲ್ಲಿ ಕಬ್ಬಿಣ ಕೊಳೆಸಿ ಆ ಕಪ್ಪು ಮಾಡುತ್ತಿದ್ದರು, ಅಳಲೆಕಾಯಿ ಹಚ್ಚಿದ ಬಟ್ಟೆಯ ಮೇಲೆ ಅದು ಕಪ್ಪಾಗುತ್ತದೆ. ಆ ಕಬ್ಬಿಣವೇ ವರ್ಷಗಟ್ಟಲೆ ನೂಲನ್ನು ತಿನ್ನುತ್ತದೆ. ನಾನೊಮ್ಮೆ ಅಂಗೈಯಗಲದ ತುಂಡನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿದೆ. ಬಳ್ಳಿಯ ಗೆರೆಯೆಲ್ಲ ಕಪ್ಪು ಪುಡಿಯಾಗಿ ತಳಕ್ಕೆ ಇಳಿಯಿತು. ಎತ್ತಿದರೆ ಕೈಯಲ್ಲಿ ಜಾಲರಿ. ಹೊಟ್ಟೆ ಉರಿದುಹೋಯಿತು. ಜೊತೆಗೆ ಅಕ್ಕಿಗಂಜಿ ಹಾಕಿ ತಿಕ್ಕಿ ತರಿಸಿದ ಹೊಳಪೂ ನೀರಲ್ಲಿ ಹೋಗುತ್ತದೆ.

ಧೂಳಿಗೆ ಬಟ್ಟೆಯ ಮೇಲೆ ನೈಲಾನ್ ಬಲೆ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ತೀರಾ ಕಮ್ಮಿಗೆ ಇಟ್ಟು, ಒತ್ತದೆ ಮೇಲಷ್ಟೇ ಆಡಿಸಿ. ಹರಿದ ಕಡೆ ಹೋಗಬೇಡಿ. ಮಡಚಬೇಡಿ, ಮಡಿಕೆಯಲ್ಲೇ ಸೀಳುತ್ತದೆ. ಆಮ್ಲವಿಲ್ಲದ ಕಾಗದ ಸುತ್ತಿದ ದಪ್ಪ ಕೊಳವೆಗೆ ಸುರುಳಿ ಸುತ್ತಿ, ಹಳೇ ಬಿಳಿ ಪಂಚೆ ಹೊದಿಸಿಡಿ. ಇಸ್ತ್ರಿ, ಕಿಟಕಿ ಬಿಸಿಲು ಎರಡೂ ಬೇಡ.