ಕಿವಿಯ ಸಂಶೋಧನೆಗೆ ಡಾಕ್ಟರೇ ಆಗಬೇಕಾ?

ಪ್ರಶ್ನೆ: ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ತಮ್ಮನಿಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ. ಹಾಗಾಗಿ ಕಿವಿಯ ಬಗ್ಗೆಯೇ ಸಂಶೋಧನೆ ಮಾಡುವ ಆಸೆ. ಆದರೆ ಎಂ.ಬಿ.ಬಿ.ಎಸ್. ಓದದವರಿಗೆ ಅಲ್ಲೇನು ಕೆಲಸ ಅಂತ ಎಲ್ಲರೂ ಕೇಳುತ್ತಾರೆ. ನಿಜವಾಗಿಯೂ ಅವಕಾಶ ಇಲ್ವಾ?

ಉತ್ತರ: ಖಂಡಿತ ಇದೆ. ಒಳಗಿವಿಯಲ್ಲಿ ದನಿ ಹೇಗೆ ಹರಿಯುತ್ತದೆ ಅಂತ ಕಣ್ಣಾರೆ ಕಂಡು ತೋರಿಸಿದ ಜಾರ್ಜ್ ಫಾನ್ ಬೇಕೇಶಿ ಡಾಕ್ಟರಲ್ಲ, ನಿಮ್ಮ ಹಾಗೇ ಭೌತಶಾಸ್ತ್ರ ಓದಿದವರು. 1961ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು ಅವರಿಗೇ.

ಅವರು ಬುಡಾಪೆಸ್ಟಿನ ಟೆಲಿಫೋನ್ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಟೆಲಿಫೋನು ಎಷ್ಟು ಚೆನ್ನಾಗಿರಬೇಕು ಅಂತ ತಿಳಿಯಬೇಕಾದರೆ, ಅದನ್ನು ಕೇಳುವ ಕಿವಿ ಎಷ್ಟು ಸೂಕ್ಷ್ಮ ಅಂತ ಗೊತ್ತಿರಬೇಕಲ್ವಾ? ಅಲ್ಲಿಂದ ಶುರುವಾಯಿತು. ಸತ್ತವರ ಕಿವಿಯ ಮೂಳೆಯನ್ನು ನೀರಿನಲ್ಲಿ ಮುಳುಗಿಸಿಟ್ಟು, ಮೈಕ್ರೋಸ್ಕೋಪಿನಡಿ ಕೊರೆಯುತ್ತಾ, ಒಳಗಿವಿಯಲ್ಲಿ ದನಿಯನ್ನು ಗ್ರಹಿಸುವ ಭಾಗವಾದ ಕಾಕ್ಲಿಯಾದ ಒಳಗೆ ಇಣುಕಿದರು. ಬಟಾಣಿ ಗಾತ್ರದ್ದು ಅದು, ಬಸವನಹುಳುವಿನ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುತ್ತದೆ. ಒಳಗಿನ ಪೊರೆ ಎಷ್ಟು ತೆಳು ಅಂದರೆ ಅಲುಗಿದರೂ ಕಾಣುವುದಿಲ್ಲ. ಅದರ ಮೇಲೆ ಬೆಳ್ಳಿಯ ಪುಡಿ ಉದುರಿಸಿ, ಪಟಪಟನೆ ಮಿನುಗುವ ಸ್ಟ್ರೋಬ್ ಬೆಳಕು ಬಿಟ್ಟು ನೋಡಿದಾಗ ಅಲೆಯೊಂದು ಹರಿದು ಹೋಗುವುದು ಕಂಡಿತು. ಕೀಚಲು ದನಿಯ ಅಲೆ ಬುಡದಲ್ಲೇ ಎದ್ದು ಅಡಗಿತು, ದಪ್ಪ ದನಿಯದು ತುದಿಯ ಕಡೆಗೆ ಹೋಗಿ ಎದ್ದಿತು. ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಪ್ರಯೋಗ ಇದು.

ಆದರೆ ಅವು ಸತ್ತ ಕಿವಿಗಳು, ಕೊಟ್ಟ ದನಿಯೂ ತುಂಬಾ ಜೋರು. ಜೀವಂತ ಕಿವಿ ಇನ್ನೂ ಚುರುಕು. ಕಿವಿ ತನ್ನ ಶಕ್ತಿಯಿಂದಲೇ ದನಿಯನ್ನು ಹೆಚ್ಚಿಸಿಕೊಳ್ಳುತ್ತಿರಬೇಕು ಅಂತ 1948ರಲ್ಲೇ ಹೇಳಿದವರು ಥಾಮಸ್ ಗೋಲ್ಡ್. ಮುಂದೆ ಖಗೋಳ ವಿಜ್ಞಾನಿಯಾಗಿ ಹೆಸರು ಮಾಡಿದರು, ಅವರೂ ಡಾಕ್ಟರಲ್ಲ! ಆಗ ಆ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತು ವರ್ಷ ಹೋಯಿತು. 1978ರಲ್ಲಿ ಡೇವಿಡ್ ಕೆಂಪ್, ಇವರೂ ಭೌತಶಾಸ್ತ್ರದವರೇ, ಕಿವಿಯೊಳಗೆ ಸಣ್ಣ ಮೈಕ್ ಇಟ್ಟು, 'ಟಕ್' ಅನ್ನುವ ಸದ್ದು ಕೊಟ್ಟರೆ ಕೆಲವೇ ಮಿಲಿಸೆಕೆಂಡಿನಲ್ಲಿ ಕಿವಿಯೇ ಮರುದನಿ ಕೊಡುತ್ತದೆ ಅಂತ ತೋರಿಸಿದರು. ಆ ಮರುದನಿಯ ಹಿಂದೆ ಇರುವುದು, ಗೋಲ್ಡ್ ಹೇಳಿದ ಹಾಗೆ ದನಿಯನ್ನು ಹೆಚ್ಚಿಸುವ ಹೊರಸಾಲಿನ ಕೂದಲು ಕೋಶಗಳು, ಅಂದರೆ ಕಾಕ್ಲಿಯಾದಲ್ಲಿರುವ, ತುದಿಯಲ್ಲಿ ಕೂದಲಿನಂಥ ಎಳೆಗಳಿರುವ ಕೋಶಗಳು. ಒಂದೊಂದು ಕಿವಿಯಲ್ಲಿ ಸುಮಾರು 12,000 ಇರುತ್ತವೆ. ಮನುಷ್ಯರಲ್ಲಿ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆ! ನಮ್ಮಲ್ಲಿ ಯಾಕಿಲ್ಲ ಅನ್ನುವುದರ ಮೇಲೆ ಈಗಲೂ ಜೋರಾಗಿ ಕೆಲಸ ನಡೆದಿದೆ, ನಿಮ್ಮಂಥವರು ಅಲ್ಲಿಗೆ ಬೇಕು.

ಜೀವಶಾಸ್ತ್ರ, ಅಂಗರಚನೆ ಮಾತ್ರ ಕೂತು ಕಲಿಯಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಪಿಎಚ್.ಡಿ.ಗೆ ಆಡಿಯಾಲಜಿಸ್ಟ್ (ಕೇಳುವಿಕೆಯನ್ನು ಪರೀಕ್ಷಿಸುವ ತಜ್ಞರು), ಇ.ಎನ್.ಟಿ. ಡಾಕ್ಟರು ಇಬ್ಬರ ಜೊತೆಗೂ ಕೆಲಸ ಮಾಡುವ ಮಾರ್ಗದರ್ಶಕರನ್ನು ಹುಡುಕಿ. ಅದಕ್ಕೂ ಮೊದಲು ಒಮ್ಮೆ, ಅನುಮತಿ ಕೇಳಿಕೊಂಡು, ಹಸುಗೂಸಿನ ಕಿವಿ ಪರೀಕ್ಷೆ ನೋಡಿ ಬನ್ನಿ. ಮಗು ನಿದ್ದೆಯಲ್ಲಿರುತ್ತದೆ. ಕಿವಿಗೆ ಮೆತ್ತನೆಯ ತುದಿಯ ಸಣ್ಣ ನಳಿಕೆ ಇಡುತ್ತಾರೆ, ಸ್ವಲ್ಪ ಹೊತ್ತಿನಲ್ಲೇ ಫಲಿತಾಂಶ ಬರುತ್ತದೆ. ಆ ಯಂತ್ರ ಆಲಿಸುತ್ತಿರುವುದು ಕೆಂಪ್ ಕೇಳಿದ ಅದೇ ಮರುದನಿಯನ್ನು.