ಇಂಗ್ಲೆಂಡಿನ ಸಮುದ್ರದ ಊರಲ್ಲಿ ಮನೆ ಹಿಡಿಯುವ ಮೊದಲು: ಕಳೆದ ಜುಲೈನಲ್ಲಿ ಅಲ್ಲಿ ಯಾರಿದ್ದರು?

ತುಮಕೂರಲ್ಲಿ ಕೂತುಕೊಂಡೇ ಬೋರ್ನ್‌ಮತ್‌ನಲ್ಲಿ ಸಮುದ್ರ ಕಾಣುವ ಮನೆ ಬುಕ್ ಮಾಡಿ, ಆರು ತಿಂಗಳ ಬಾಡಿಗೆ ಒಟ್ಟಿಗೆ ಕಟ್ಟಿ, ಹೆಂಡತಿ ಮಗು ಸಮೇತ ಹೊರಡೋದು ವಾಸಿನಾ ಅಂತ ಕೇಳಿದ್ದೀರಿ. ಅಯ್ಯೋ ದೇವರೇ. ಅದೇ ಊರು, ಅದೇ ಆರು ತಿಂಗಳು, ಅದೇ ಸಮುದ್ರ. ನನಗಂತೂ ಯಾರೋ ನನ್ನ ಹಳೇ ಡೈರಿ ತೆಗೆದು ಓದಿದ ಹಾಗಾಯಿತು.

ನಾನು ನರ್ಸ್. 2022ರ ಜುಲೈನಲ್ಲಿ ಅಲ್ಲಿಗೆ ಹೋದೆ. ಮೊದಲ ಮೂರು ತಿಂಗಳು ಆಸ್ಪತ್ರೆಯವರೇ ಒಂದು ರೂಮು ಕೊಟ್ಟಿದ್ದರು. ಅಷ್ಟರಲ್ಲಿ ಮನೆ ಮಾಡಿಕೊಂಡರೆ ಏಪ್ರಿಲ್‌ಗೆ ಗಂಡ, ಮಗಳು ಬರೋದು ಅಂತ ಮಾತಾಗಿತ್ತು. ನಮ್ಮದು ತುಮಕೂರಿನ ಬಟವಾಡಿ. ನಮಗೆ ಗೊತ್ತಿದ್ದ ದೊಡ್ಡ ನೀರು ಅಂದರೆ ಅಮಾನಿಕೆರೆ. ಹಾಗಾಗಿ ಬೆಟ್ಟದ ಅಂಚಿನ ಮೇಲೆ ಕಟ್ಟಿದ ಆ ಮೂರನೇ ಮಹಡಿ ಮನೆಯ ಕಿಟಕಿ ಪರದೆಯನ್ನು ಏಜೆಂಟ್ ಸರಿಸಿದ ತಕ್ಷಣ ನನ್ನ ಬುದ್ಧಿ ಅಲ್ಲೇ ಕೆಲಸ ನಿಲ್ಲಿಸಿತು. ಕಣ್ಣು ಹಾಯುವಷ್ಟು ದೂರ ನೀರು. ವಿಡಿಯೋ ಕಾಲ್‌ನಲ್ಲಿ ನಮ್ಮತ್ತೆಗೆ ತೋರಿಸಿದೆ. "ಒಗೆದ ಬಟ್ಟೆ ಎಲ್ಲಿ ಒಣಗಿಸ್ತೀಯಮ್ಮ?" ಅಂದರು. ಅವತ್ತು ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಬಾಡಿಗೆ ತಿಂಗಳಿಗೆ 850 ಪೌಂಡ್. ಆ ಬೀದಿಯ ಬೇರೆ ಮನೆಗಳಿಗಿಂತ ಕಡಿಮೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ 'ವಿಂಟರ್ ಲೆಟ್' ಅಂತ ಬರೆದಿತ್ತು. ಚಳಿಗಾಲದಲ್ಲಿ ಯಾರೂ ಬರೋದಿಲ್ಲ, ಅದಕ್ಕೇ ರೇಟು ಇಳಿಸಿದ್ದಾರೆ, ನಮ್ಮ ಕಡೆ ಆಷಾಢದ ಡಿಸ್ಕೌಂಟ್ ಸೀರೆ ಇದ್ದ ಹಾಗೆ ಅಂದುಕೊಂಡೆ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಕರಾರು. ಹೊಸಬಳು, ಅಲ್ಲಿನ ಸಂಬಳದ ದಾಖಲೆ ಸಾಲದು, ಜಾಮೀನು ನಿಲ್ಲೋಕೆ ಅಲ್ಲಿಯವರು ಯಾರೂ ಇಲ್ಲ, ಆದ್ದರಿಂದ ಆರು ತಿಂಗಳದ್ದು ಮುಂಚೆಯೇ ಕಟ್ಟಿ ಅಂದರು. 5,100 ಪೌಂಡ್. ಅದರ ಮೇಲೆ ಐದು ವಾರದ ಬಾಡಿಗೆಯಷ್ಟು ಡೆಪಾಸಿಟ್ಟು, ಇನ್ನೊಂದು 980. ಆಗಿನ ಲೆಕ್ಕದಲ್ಲಿ ಐದೂವರೆ ಲಕ್ಷ ರೂಪಾಯಿ ದಾಟಿತು. ಒಡವೆ ಅಡ ಇಟ್ಟು ಊರಿಂದ ದುಡ್ಡು ಕಳಿಸಿದರು.

ಈಗ ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಜಾಸ್ತಿ ಎಳೀತಿದ್ದೀನಿ ಅನಿಸಿದರೂ ಓದಿ. ನೀವೂ ಅದನ್ನೇ ಮಾಡೋದರಲ್ಲಿದ್ದೀರಿ.

ನಮ್ಮೂರಲ್ಲಿ ಅಗ್ರಿಮೆಂಟು ಹನ್ನೊಂದು ತಿಂಗಳದ್ದು, ಅಲ್ವಾ? ವರ್ಷ ತುಂಬಿದರೆ ರಿಜಿಸ್ಟರ್ ಮಾಡಿಸಬೇಕು, ಅದಕ್ಕೆ ಹನ್ನೊಂದು. ಆದರೆ ಹನ್ನೊಂದನೇ ತಿಂಗಳು ಮುಗಿಯಿತು ಅಂತ ಮನೆ ಬಿಟ್ಟವರನ್ನು ನೋಡಿದ್ದೀರಾ? ನಮ್ಮಪ್ಪ ಒಂದೇ ಬಾಡಿಗೆ ಮನೆಯಲ್ಲಿ ಒಂಬತ್ತು ವರ್ಷ ಇದ್ದರು. ಎರಡನೇ ಅಗ್ರಿಮೆಂಟು ಬರೆಸಿದ್ದೇ ಇಲ್ಲ. ತಾರೀಖು ಅನ್ನೋದು ಛಾಪಾ ಕಾಗದ ತುಂಬಿಸೋಕೆ ಇರುವ ವಸ್ತು ಅಂತಲೇ ನಾನು ಬೆಳೆದದ್ದು. ಅದರ ಮೇಲೆ ಭೋಗ್ಯದ ಬುದ್ಧಿ ಬೇರೆ. ಐದಾರು ಲಕ್ಷ ಕೊಟ್ಟರೆ ಆ ದುಡ್ಡು ವಾಪಸ್ ಬರೋವರೆಗೂ ಮನೆ ನಮ್ಮದೇ. ಓನರ್ ಗಟ್ಟಿಯಾಗಿ ಮಾತಾಡೋದಿಲ್ಲ. ಇಷ್ಟು ದೊಡ್ಡ ಗಂಟು ಒಟ್ಟಿಗೆ ಕೊಟ್ಟಿದ್ದೀನಿ ಅಂದಮೇಲೆ ಮನೆಯವರು ನನ್ನ ಹಂಗಿನಲ್ಲಿದ್ದಾರೆ ಅಂತ ಒಳಗೊಳಗೇ ಬೀಗಿದ್ದೆ. ಅಲ್ಲಿ ಅದು ಬರೀ ಬಾಡಿಗೆ. ಪ್ರತಿ ತಿಂಗಳೂ ಕರಗಿಹೋಗುವ ಬಾಡಿಗೆ.

ಮಾರ್ಚ್ 31 ಅಂದರೆ ಮಾರ್ಚ್ 31. ಈಸ್ಟರ್ ಬಂತು ಅಂದರೆ ಆ ಮನೆ ವಾರದ ಲೆಕ್ಕಕ್ಕೆ ಪ್ರವಾಸಿಗಳಿಗೆ ಹೋಗುತ್ತದೆ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಸೀಸನ್. ನಾನು ತಿಂಗಳಿಗೆ ಕೊಡುವುದನ್ನು ಆಗಸ್ಟಿನಲ್ಲಿ ಯಾರೋ ಒಂದು ವಾರಕ್ಕೆ ಕೊಡುತ್ತಾರೆ. ಚಳಿಗಾಲದಲ್ಲಿ ಮನೆ ಖಾಲಿ ಬಿದ್ದಿರಬಾರದು ಅಂತ ನನ್ನಂಥವರನ್ನು ಇಟ್ಟುಕೊಳ್ಳುತ್ತಾರೆ. ವಿಂಟರ್ ಲೆಟ್ ಅಂದರೆ ಇಷ್ಟೇ.

ಸುಳಿವು ಇರಲಿಲ್ಲ ಅಂತ ಹೇಳೋಕೂ ಆಗೋದಿಲ್ಲ. ಬಾಗಿಲ ಪಕ್ಕದಲ್ಲಿ ನಂಬರ್ ಒತ್ತಿದರೆ ತೆರೆಯುವ ಕೀಲಿ ಡಬ್ಬಿ. ಅಡುಗೆಮನೆಯಲ್ಲಿ ಎಲ್ಲವೂ ಆರಾರು: ಆರು ತಟ್ಟೆ, ಆರು ಲೋಟ. ಮಲಗೋ ಕೋಣೆ ಮಾತ್ರ ಒಂದು, ಹಾಲ್‌ನಲ್ಲಿ ಬಿಚ್ಚಿ ಮಲಗುವ ಸೋಫಾ. 'ಕಸದ ಚೀಲ ರಾತ್ರಿ ಹೊರಗಿಡಬೇಡಿ, ಕಡಲಹಕ್ಕಿ ಹರಿಯುತ್ತವೆ' ಅಂತ ಗೋಡೆಗೆ ಅಂಟಿಸಿದ ಸೂಚನೆ. ಟಿವಿ ಕೆಳಗಿನ ಡ್ರಾಯರ್‌ನಲ್ಲಿ ಬಂದವರು ಹೋದವರು ಬರೆದ ಅತಿಥಿಗಳ ಪುಸ್ತಕ. ಬೀರುವಿನಲ್ಲಿ ಮರಳಾಟದ ಬಕೆಟ್ಟು, ಪುಟ್ಟ ಸಲಿಕೆ. ಮಗಳಿಗೆ ಆಟಕ್ಕೆ ಆಯಿತಲ್ಲ ಅಂತ ಖುಷಿಪಟ್ಟು ಫೋಟೋ ಕಳಿಸಿದ್ದೆ ನಾನು!

2023ರ ಫೆಬ್ರವರಿ ಮೊದಲ ವಾರ ಒಂದು ಪತ್ರ ಬಂತು. ಸೆಕ್ಷನ್ 21, ಅಂದರೆ ಕಾರಣ ಹೇಳದೆ ಮನೆ ಬಿಡಿಸುವ ಎರಡು ತಿಂಗಳ ನೋಟಿಸು. ರಿನ್ಯೂ ಮಾಡೋ ಮೊದಲು ಕಳಿಸುವ ಕಾಗದ ಇರಬೇಕು ಅಂತ ಫೈಲಿಗೆ ಹಾಕಿಟ್ಟೆ. ನಗಬೇಡಿ. ಮಾರ್ಚ್ ಮಧ್ಯದಲ್ಲಿ ಏಜೆಂಟ್ ಫೋನ್ ಮಾಡಿ, ಮನೆ ತೊಳೆಯೋಕೆ ಯಾವತ್ತು ಜನ ಕಳಿಸಲಿ ಅಂದಾಗ ಬಿಸಿ ಮುಟ್ಟಿತು. ಆ ವರ್ಷ ಏಪ್ರಿಲ್ 7ಕ್ಕೆ ಗುಡ್ ಫ್ರೈಡೆ. ಮನೆ ಆಗಲೇ ಬುಕ್ ಆಗಿತ್ತು. ನೋಟಿಸ್ ಅವಧಿ ಮುಗಿದರೂ ಕೋರ್ಟಿನ ಆದೇಶ ಇಲ್ಲದೆ ನನ್ನನ್ನು ಹೊರಗೆ ಹಾಕುವ ಹಾಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ತಿಳಿದಿದ್ದರೂ ಜಗಳಕ್ಕೆ ನಿಲ್ಲುತ್ತಿದ್ದೆನಾ? ವೀಸಾದ ಮೇಲೆ ಹೋದವಳು, ಹೆದರಿಕೆ ಇರುತ್ತದೆ. ಪೆಟ್ಟಿಗೆ ಕಟ್ಟಿದೆ. ಬಕೆಟ್ಟನ್ನು ಇದ್ದಲ್ಲೇ ಇಟ್ಟು ಬಂದೆ.

ಊರಲ್ಲಿ ಗಂಡ ಮಾರ್ಚ್ ಕೊನೆಗೆ ಕೆಲಸ ಬಿಟ್ಟಾಗಿತ್ತು. ಟಿಕೆಟ್ಟೂ ಆಗಿತ್ತು. ಸೀಸನ್ ಶುರುವಾಗುವ ಹೊತ್ತಿಗೆ ಆ ಊರಲ್ಲಿ ಮನೆ ಹುಡುಕೋದು ಅಂದರೆ ಜಾತ್ರೆ ದಿನ ತೇರಿನ ಮುಂದೆ ಸ್ಕೂಟರ್ ನಿಲ್ಲಿಸೋಕೆ ಜಾಗ ಹುಡುಕಿದ ಹಾಗೆ. ಬಾಸ್ಕಂ ಅನ್ನುವ ಭಾಗದಲ್ಲಿ, ಹಳೇ ಹೋಟೆಲನ್ನು ರೂಮು ರೂಮಾಗಿ ಒಡೆದು ಬಾಡಿಗೆಗೆ ಕೊಟ್ಟಿದ್ದ ಕಟ್ಟಡದಲ್ಲಿ ಒಂದು ಕೋಣೆ ಸಿಕ್ಕಿತು. ಏಳು ಜನಕ್ಕೆ ಒಂದು ಅಡುಗೆಮನೆ. ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುತ್ತಿತ್ತು. ಐದು ತಿಂಗಳು ಅಲ್ಲಿದ್ದೆ. ಮಗಳು ಬಂದದ್ದು ಸೆಪ್ಟೆಂಬರ್‌ಗೆ. ಡೆಪಾಸಿಟ್ಟು ಮಾತ್ರ ಪೂರ್ತಿ ವಾಪಸ್ ಬಂತು. ಅಲ್ಲಿ ಅದನ್ನು ಓನರ್ ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ. ಸರ್ಕಾರ ಒಪ್ಪಿದ ಮೂರು ಸಂಸ್ಥೆಗಳಲ್ಲಿ ಒಂದರಲ್ಲಿ 30 ದಿನದೊಳಗೆ ದಾಖಲಿಸಬೇಕು. ಈ ವಿಷಯದಲ್ಲಿ ನಮ್ಮೂರಿನವರು ಕಲಿಯೋದು ಇದೆ. ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಇಸ್ಕೊಂಡು ಬಿಡುವಾಗ ಸುಣ್ಣಬಣ್ಣದ ಲೆಕ್ಕ ಹೇಳ್ತಾರೆ.

ಆಮೇಲೆ ವಾರ್ಡಿನಲ್ಲಿ ಜೊತೆಗಿದ್ದ ಮಲಯಾಳಿ ಅಕ್ಕ ಒಬ್ಬರು ಚಾರ್ಮಿನ್‌ಸ್ಟರ್ ಕಡೆ ಒಂದು ಮನೆ ತೋರಿಸಿದರು. ಸಮುದ್ರ ಕಾಣೋದಿಲ್ಲ. ಹಿತ್ತಲಿದೆ, ಹಗ್ಗ ಕಟ್ಟಿ ಬಟ್ಟೆ ಒಣಹಾಕಬಹುದು, ನಾಲ್ಕು ಹೆಜ್ಜೆಗೆ ಅಕ್ಕಿ ಬೇಳೆ ಅಂಗಡಿ. 2025ರಲ್ಲಿ ನಾವು ಊರಿಗೆ ವಾಪಸ್ ಬರುವವರೆಗೂ ಅಲ್ಲೇ ಇದ್ದೆವು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆ ಇಲ್ಲ. ಇಲ್ಲಿಂದಲೇ ಮನೆ ಹಿಡಿಯಬೇಡಿ. ಯಾವ ಮನೆಯನ್ನೂ. ಕಣ್ಣಲ್ಲಿ ನೋಡದ ಮನೆಗೆ ಒಂದು ಪೌಂಡೂ ಹಾಕಬೇಡಿ. ಬೇರೆಯವರ ಮನೆ ಫೋಟೋ ಹಾಕಿ ದುಡ್ಡು ಹೊಡೆಯುವವರು ಅಲ್ಲೂ ಬೇಕಾದಷ್ಟಿದ್ದಾರೆ. ಕಂಪನಿಯವರನ್ನು ಒಂದು ತಿಂಗಳ ವಸತಿ ಕೇಳಿ. ಕೊಡದಿದ್ದರೆ ನೀವೊಬ್ಬರೇ ಮೊದಲು ಹೋಗಿ ಒಂದು ರೂಮಿನಲ್ಲಿರಿ. ಹೆಂಡತಿ ಮಗು ಎರಡು ತಿಂಗಳು ತಡವಾಗಿ ಬಂದರೆ ಆಕಾಶ ಕಳಚಿ ಬೀಳೋದಿಲ್ಲ. ಬೇಜಾರಾಗಬೇಡಿ, ನನಗೆ ಯಾರೂ ಇಷ್ಟು ಖಾರವಾಗಿ ಹೇಳಿರಲಿಲ್ಲ.

ಇನ್ನು ಸಮುದ್ರ. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಗಾಗೋದು ಎಂಟಕ್ಕೆ, ಕತ್ತಲಾಗೋದು ನಾಲ್ಕಕ್ಕೆ. ನಾನು ಡ್ಯೂಟಿಗೆ ಹೊರಡುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಆ ಕಿಟಕಿಯಿಂದ ಸಮುದ್ರ ಕಂಡದ್ದು ರಜೆ ದಿನ ಮಾತ್ರ, ಅದೂ ಗಾಜಿನ ಮೇಲಿನ ಉಪ್ಪು ಒರೆಸಿದರೆ. ಬೀರುವಿನ ಹಿಂದೆ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಒಗೆದ ಯೂನಿಫಾರಂ ಮೂರು ದಿನ ಆದರೂ ಒದ್ದೆ. ನೀರು ನೋಡಬೇಕಾ? ಬಸ್ಸಿದೆ.

ನೀವು ಕೇಳಿದ ಆರು ತಿಂಗಳ ಮುಂಗಡದ ಬಗ್ಗೆ. ಇಂಗ್ಲೆಂಡಿನಲ್ಲಿ 2025ರಲ್ಲಿ ಹೊಸ ಬಾಡಿಗೆ ಕಾಯ್ದೆ ಆಗಿದೆ. ಅದರ ಪ್ರಕಾರ 2026ರ ಮೇ 1ರಿಂದ ಹೊಸ ಬಾಡಿಗೆಗೆ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಕೇಳುವ ಹಾಗಿಲ್ಲ. ನನಗೆ ಬಂದಂಥ ಸೆಕ್ಷನ್ 21 ನೋಟಿಸೂ ಇಲ್ಲ. ಆದರೆ ನಿಜವಾದ ಪ್ರವಾಸಿ ಬಾಡಿಗೆ ಈ ಕಾಯ್ದೆಗೆ ಸೇರೋದಿಲ್ಲ. ಕರಾರಿನಲ್ಲಿ ಎಲ್ಲಾದರೂ 'ಹಾಲಿಡೇ' ಅನ್ನುವ ಪದ ಕಂಡರೆ ಪೆನ್ನು ಕೆಳಗಿಡಿ. ಆರು ತಿಂಗಳದ್ದು ಒಟ್ಟಿಗೆ ಕೊಡಿ ಅಂತ ನಿಮ್ಮನ್ನು ಈಗ ಯಾರು ಕೇಳುತ್ತಿದ್ದಾರೋ, ಅವರ ಮೇಲೆ ನನಗೆ ಅನುಮಾನ ಇದೆ. ಇನ್ನೊಂದು, ಕೌನ್ಸಿಲ್ ಟ್ಯಾಕ್ಸ್ ಅಂತ ಇದೆ. ನಮ್ಮಲ್ಲಿ ಮನೆ ಕಂದಾಯ ಓನರ್ ಕಟ್ಟುತ್ತಾರೆ, ಅಲ್ಲಿ ಸಾಮಾನ್ಯವಾಗಿ ಬಾಡಿಗೆಯವರೇ ಕಟ್ಟಬೇಕು. ಬಾಡಿಗೆ ಲೆಕ್ಕ ಹಾಕುವಾಗ ಅದನ್ನೂ ಕೂಡಿಸಿಕೊಳ್ಳಿ.

ಮನೆ ನೋಡೋಕೆ ಹೋದಾಗ ಏಜೆಂಟ್‌ಗೆ ಬೇರೇನೂ ಕೇಳದಿದ್ದರೂ ಇದನ್ನು ಕೇಳಿ: "ಕಳೆದ ಜುಲೈನಲ್ಲಿ ಈ ಮನೆಯಲ್ಲಿ ಯಾರಿದ್ದರು?" ಒಂದು ಸಂಸಾರ ಎರಡು ವರ್ಷದಿಂದ ಇತ್ತು ಅಂದರೆ ಒಳಗೆ ಹೋಗಿ ನೋಡಿ. ತಡವರಿಸಿದರೆ ಬೀರು ತೆಗೆದು ನೋಡಿ, ಬಕೆಟ್ಟು ಸಲಿಕೆ ಇದೆಯಾ ಅಂತ.

ನಿಮಗೆ ಆಗಲೇ ಯಾರಾದರೂ ಕರಾರು ಕಳಿಸಿದ್ದರೆ ಹೆಸರು ವಿಳಾಸ ಅಳಿಸಿ ಇಲ್ಲೇ ಕೆಳಗೆ ಹಾಕಿ, ತಾರೀಖು ನೋಡಿ ಹೇಳುತ್ತೇನೆ. ಈ ವಾರ ನೈಟ್ ಡ್ಯೂಟಿ ಇದೆ, ಉತ್ತರ ಸ್ವಲ್ಪ ತಡ ಆಗಬಹುದು. ಅಲ್ಲಿವರೆಗೂ ದುಡ್ಡು ಕಳಿಸಬೇಡಿ.